ಅಪ್‌ಡೇಟ್: ವೇಲೆನ್ಸಿಯಾದಲ್ಲಿ ಊಟದ ಸಮಸ್ಯೆ ಬಗೆಹರೀತು

ಓದೋಕೆ ಸ್ಪೇನ್‌ನ ವೇಲೆನ್ಸಿಯಾಕ್ಕೆ ಬಂದಿದ್ದೀನಿ, ರಾತ್ರಿ ಏಳಕ್ಕೆ ಹೋದ್ರೆ ಹೋಟೆಲ್‌ನಲ್ಲಿ ಅಡುಗೆನೇ ಶುರುವಾಗಿರಲ್ಲ, ಸಸ್ಯಾಹಾರಿ ನಾನು ಏನ್ಮಾಡ್ಲಿ ಅಂತ ಕೇಳಿದ್ದೆನಲ್ಲ?

ಮಧ್ಯಾಹ್ನ ಎರಡಕ್ಕೆ ಹೊಟ್ಟೆ ತುಂಬಾ ಉಣ್ಣಿ ಅಂದವರಿಗೆ ತುಂಬಾ ಥ್ಯಾಂಕ್ಸ್, ಅದೇ ಸರಿಹೋಯ್ತು. ಇಲ್ಲಿ ದೊಡ್ಡ ಊಟ ಅದೇ, ಇಲ್ಲಿನ ಅನ್ನದ ತಿನಿಸು ಪಾಯೆಯಾ ಕೂಡ ಆಗಲೇ ತಿನ್ನೋದು. ರಾತ್ರಿಗೆ ಸೆಂಟ್ರಲ್ ಮಾರ್ಕೆಟ್ಟಿನ ಟೊಮೆಟೊ ತಂದು ರೂಮಲ್ಲೇ ಅನ್ನ-ಸಾರು. ಮಾರ್ಕೆಟ್ ಮಧ್ಯಾಹ್ನ ಮೂರಕ್ಕೇ ಮುಚ್ಚುತ್ತೆ, ಭಾನುವಾರ ರಜೆ, ನೆನಪಿರಲಿ.

'ಮಾಂಸ ಬೇಡ' ಅಂದ್ರೆ ಸಾಕು ಅನ್ನೋ ಸಲಹೆ ಮಾತ್ರ ನಡೀಲಿಲ್ಲ. ಸಲಾಡ್ ಮೇಲೆ ಟ್ಯೂನಾ ಮೀನು ಹಾಕಿ ಕೊಟ್ರು! ಮೀನೂ ಬೇಡ ಅಂತ ಬಿಡಿಸಿ ಹೇಳ್ಬೇಕು.

ತುಂಬಾ ಆಶ್ಚರ್ಯ ಆಗಿದ್ದು ತೂರಿಯಾ ಪಾರ್ಕ್ ನೋಡಿ. ಅದು ಮೊದಲು ನದಿ. 1957ರ ಪ್ರವಾಹ ಆದಮೇಲೆ ನದಿಯನ್ನೇ ಊರಾಚೆ ತಿರುಗಿಸಿದ್ರಂತೆ. ಹಳೇ ಸೇತುವೆಗಳ ಕೆಳಗೆ ಈಗ ಸೈಕಲ್ ದಾರಿ. ಬಸ್ಸಿಗೆ ಕಾಯೋ ಬದಲು ಅಲ್ಲೇ ಸೈಕಲ್ ತುಳೀರಿ.