ಕೈ ಸನ್ನೆ ಇಲ್ಲದೆ ‘ಕೂತ್ಕೋ’ ಅಂದ್ರೆ ನಾಯಿ ಕೂರಲ್ಲ

ಪ್ರಶ್ನೆ: 5 ತಿಂಗಳ ಮುಧೋಳ ಮರಿ. ಕೈ ಎತ್ತಿದರೆ ಕೂರುತ್ತೆ, ಬರೀ ಬಾಯಲ್ಲಿ ಹೇಳಿದರೆ ಮುಖ ನೋಡ್ತಾ ನಿಲ್ಲುತ್ತೆ. ಏನು ಮಾಡೋದು?

ಉತ್ತರ 1: ಮಾತು, ಸನ್ನೆ ಒಟ್ಟಿಗೇ ಬಂದರೆ ನಾಯಿ ಸನ್ನೆಯನ್ನಷ್ಟೇ ಹಿಡಿಯುತ್ತೆ. ಕೈ ಅಲ್ಲಾಡಿಸದೆ ಮಾತು ಹೇಳಿ, ಒಂದು ಸೆಕೆಂಡ್ ಬಿಟ್ಟು ಸನ್ನೆ ಮಾಡಿ. ಕೂತ ತಕ್ಷಣ ‘ಶಭಾಷ್’, ಬಟಾಣಿ ಗಾತ್ರದ ಬೇಯಿಸಿದ ಚಿಕನ್ ತುಂಡು. ಒಂದು ಹೊತ್ತಿಗೆ 10 ಸಲ ಸಾಕು. ಸನ್ನೆಗೆ ಮುಂಚೆಯೇ ಕೂತರೆ ಎರಡು ತುಂಡು.

ಉತ್ತರ 2: ಮನೆಯವರೆಲ್ಲ ಒಂದೇ ಪದ ಬಳಸ್ತಿದ್ದೀರಾ? ಒಬ್ಬರು ‘ಸಿಟ್’ ಅಂದ್ರೂ ಕೆಟ್ಟಿತು. ‘ಕೂತ್ಕೋ ಕೂತ್ಕೋ ಕೂತ್ಕೋ’ ಬೇಡವೇ ಬೇಡ. ಮೂರನೇ ಸಲಕ್ಕೆ ಕೂತರಾಯ್ತು ಅಂತ ಕಲಿಯುತ್ತೆ.

ಉತ್ತರ 3: ಮುಧೋಳ ಕಣ್ಣಿಂದ ಬೇಟೆಯಾಡೋ ತಳಿ, ಅಳಿಲು ಓಡಿದರೆ ಯಾವ ಮಾತೂ ಕೇಳಲ್ಲ. ಕೋಣೆಯೊಳಗೆ ಪಕ್ಕಾ ಆದ ಮೇಲೆ ಬಯಲಿಗೆ 10 ಮೀಟರ್ ಹಗ್ಗದಲ್ಲಿ ಕರೆದೊಯ್ಯಿರಿ. ಹಗ್ಗ ಹಾರ್ನೆಸ್‌ಗೆ (ಎದೆಗೆ ಸುತ್ತಿ ಹಾಕೋ ಪಟ್ಟಿ) ಕಟ್ಟಿ, ಕಾಲರ್‌ಗೆ ಬೇಡ. ಓಡಿ ಜಗ್ಗಿದರೆ ಕತ್ತಿಗೆ ಪೆಟ್ಟು.