ಮಗಳು ಸಂಗೀತದಲ್ಲೇ ಡಿಗ್ರಿ ಮಾಡ್ತೀನಿ ಅಂತಿದ್ದಾಳೆ. ಕಾಲೇಜಾ, ಗುರುಗಳ ಮನೆಯಾ?

ಮಲೆನಾಡಮ್ಮ

ಎಲ್ಲರಿಗೂ ನಮಸ್ಕಾರ. ಮಗಳು ಎರಡನೇ ಪಿಯುಸಿ, ಕಾಮರ್ಸ್. ಚಿಕ್ಕವಳಿದ್ದಾಗಿನಿಂದ ಕರ್ನಾಟಕ ಸಂಗೀತ ಕಲೀತಿದ್ದಾಳೆ, ಹಾಡುಗಾರಿಕೆ. ಸಂಗೀತದ ಸೀನಿಯರ್ ಪರೀಕ್ಷೆ ಮುಗಿಸಿ, ಅದರ ಮುಂದಿನ ವಿದ್ವತ್ ಪೂರ್ವಕ್ಕೆ ತಯಾರಿ ಮಾಡ್ತಿದ್ದಾಳೆ. ಈಗ ಬಿ.ಕಾಂ ಬೇಡವೇ ಬೇಡ, ಮೈಸೂರಿಗೆ ಹೋಗಿ ಸಂಗೀತದಲ್ಲೇ ಡಿಗ್ರಿ ಮಾಡ್ತೀನಿ ಅಂತ ಹಟ ಹಿಡಿದಿದ್ದಾಳೆ.

ನಮ್ಮದೇನೂ ತಕರಾರಿಲ್ಲ. ಆದರೆ ಅವಳಿಗೆ ಪಾಠ ಹೇಳುವ ಟೀಚರೇ "ಕಾಲೇಜಿನಲ್ಲಿ ಸರ್ಟಿಫಿಕೇಟ್ ಸಿಗುತ್ತೆ, ಸಂಗೀತ ಸಿಗಲ್ಲ, ಅದು ಗುರುಮುಖದಿಂದಲೇ ಬರಬೇಕು" ಅಂದುಬಿಟ್ಟರು. ಇಲ್ಲೇ ಬಿ.ಕಾಂ ಮಾಡಿಕೊಂಡು ತಮ್ಮ ಹತ್ತಿರವೇ ಪಾಠ ಮುಂದುವರಿಸಲಿ ಅನ್ನೋದು ಅವರ ಮಾತು. ನಮ್ಮ ಯಜಮಾನರ ಚಿಂತೆ ಬೇರೆ, ಅದು ನಿಮಗೇ ಗೊತ್ತಿರುತ್ತೆ: ಆಮೇಲೆ ಕೆಲಸ ಏನು?

ಸಂಗೀತ ಕಾಲೇಜಿನಲ್ಲಿ ಓದಿದವರು, ಪಾಠ ಮಾಡುವವರು ಯಾರಾದರೂ ಇದ್ದರೆ ನಿಜ ಸಂಗತಿ ಹೇಳಿ. ಅಲ್ಲಿ ಕಲಿಸೋದು ಹೇಗೆ? ಹುಡುಗಿ ಮೂರು ನಾಲ್ಕು ವರ್ಷ ಹೋಗಿ ಬಂದ್ರೆ ಕಛೇರಿ ಮಾಡೋ ಹಾಗೆ ಆಗ್ತಾಳಾ?

ಅತಿಥಿ_ಮೇಷ್ಟ್ರು

ಮೇಡಂ, ನಾನು ಸಂಗೀತ ಕಾಲೇಜಿನಲ್ಲೇ ಪಾಠ ಮಾಡುವವನು, ಅತಿಥಿ ಉಪನ್ಯಾಸಕ. ಯಾವ ಕಾಲೇಜು ಅಂತ ಕೇಳಬೇಡಿ, ಸಂಬಳ ಬರೋದು ಇನ್ನೂ ಬಾಕಿ ಇದೆ.

ಕ್ಲಾಸ್ ಹೇಗಿರುತ್ತೆ ಕೇಳಿ. ಪೀರಿಯಡ್ಡು 55 ನಿಮಿಷ. ಮುಂದೆ ಕೂತಿರೋದು ಹದಿನೈದು ಜನ. ಹುಡುಗಿಯರ ಶ್ರುತಿ ಜಿ, ಜಿ ಶಾರ್ಪ್. ಹುಡುಗರದು ಸಿ ಶಾರ್ಪ್. ಒಟ್ಟಿಗೆ ಹಾಡಿಸಬೇಕು ಅಂದ್ರೆ ಒಂದು ಕಡೆಯವರ ಗಂಟಲು ಕಟ್ಟುತ್ತೆ, ಇಲ್ಲಾಂದ್ರೆ ಇನ್ನೊಂದು ಕಡೆಯವರು ಮಂದ್ರದಲ್ಲಿ ಗೊಣಗ್ತಾರೆ. ಕೃತಿ ಪಾಠವಾದರೆ ಹೇಗೋ ನಡೆದುಹೋಗುತ್ತೆ. ಪಲ್ಲವಿಯ ಸಂಗತಿ (ಒಂದೇ ಸಾಲನ್ನ ಬೇರೆ ಬೇರೆ ಥರ ಹಾಡೋದು) ಒಂದೊಂದೇ ಹೇಳಿಕೊಟ್ಟು ತಿರುಗಿ ಹಾಡಿಸಿದರಾಯ್ತು. ಆದರೆ ತೋಡಿ ರಾಗದ ಆಲಾಪನೆ, ಅಂದ್ರೆ ತಾಳವಿಲ್ಲದೆ ರಾಗ ಬೆಳೆಸೋದು, ಹೇಗೆ ಕಲಿಸೋದು ಹೇಳಿ? ಗಾಂಧಾರವನ್ನ ಎಷ್ಟು ಅಲುಗಾಡಿಸಬೇಕು, ಎಲ್ಲಿ ಪಂಚಮ ಬಿಟ್ಟು ದಾಟಬೇಕು, ಎಲ್ಲಿ ಬಂದು ನಿಲ್ಲಬೇಕು, ಇದನ್ನೆಲ್ಲ ಒಬ್ಬೊಬ್ಬರನ್ನೇ ಎದುರಿಗೆ ಕೂರಿಸಿಕೊಂಡು, ತಪ್ಪಿದ ಕಡೆ ಅಲ್ಲೇ ನಿಲ್ಲಿಸಿ, ನಾನು ಹಾಡಿ, ಅವರ ಹತ್ತಿರ ಹಾಡಿಸಿ ತಿದ್ದಬೇಕು. ಹಾಜರಿ ಕೂಗಿದ್ದು ಕಳೆದು 55ನ್ನ ಹದಿನೈದರಿಂದ ಭಾಗಿಸಿ ನೋಡಿ. ಇದರ ಮೇಲೆ ಸೆಮಿಸ್ಟರ್ ಬೇರೆ. ರಾಗ ಬಾಯಿಗೆ ಕೂರೋ ಹೊತ್ತಿಗೆ ಇಂಟರ್ನಲ್ಸ್ ಬಂದಿರುತ್ತೆ.

ಹಾಗಂತ ಟೀಚರ್ ಹೇಳಿದ್ದನ್ನ ನಾನು ಪೂರ್ತಿ ಒಪ್ಪಲ್ಲ. ಮನೆಪಾಠದ ಹುಡುಗರು ಮೃದಂಗದ ಜೊತೆ ಕೂತು ಹಾಡೋದು ವರ್ಷಕ್ಕೆ ಒಂದೋ ಎರಡೋ ಸಲ, ಆರಾಧನೆಗೆ, ಇಲ್ಲ ಗಣೇಶನ ಪೆಂಡಾಲಿನಲ್ಲಿ. ನಮ್ಮಲ್ಲಿ ಪಿಟೀಲು, ಮೃದಂಗದ ಹುಡುಗರು ಪಕ್ಕದ ರೂಮಿನಲ್ಲೇ ಇರ್ತಾರೆ. ಮಧ್ಯಾಹ್ನ ಊಟ ಆದ ಮೇಲೆ ಅವರವರೇ ಸೇರಿಕೊಂಡು ನಾಲ್ಕು ಆವರ್ತ ಸ್ವರ ಹಾಕಿ, ಎಡವಿ, ಜಗಳಾಡಿ, ಮತ್ತೆ ಹಾಡ್ತಾರೆ. ಪಲ್ಲವಿಯನ್ನ ಮೂರು ಕಾಲದಲ್ಲಿ (ವೇಗದಲ್ಲಿ) ಹಾಡಿ ಸಮಕ್ಕೆ (ತಾಳದ ಮೊದಲ ಪೆಟ್ಟಿಗೆ) ಸರಿಯಾಗಿ ಬಂದು ಸೇರೋ ಧೈರ್ಯ ಬರೋದು ಹೀಗೇ. ಮನೆಯಲ್ಲಿ ಒಬ್ಬಳೇ ತಾಳ ಹಾಕಿಕೊಂಡ್ರೆ ಬರಲ್ಲ. ನನ್ನ ಪ್ರಕಾರ ಕಾಲೇಜಿನ ದೊಡ್ಡ ಲಾಭ ಇದೇ, ಸಿಲಬಸ್ಸಿನಲ್ಲಿ ಮಾತ್ರ ಎಲ್ಲೂ ಬರೆದಿಲ್ಲ.

ಇನ್ನೊಂದು ಲಾಭ ಶಾಸ್ತ್ರ. ಮೇಚಕಲ್ಯಾಣಿ 65, ಧೀರಶಂಕರಾಭರಣ 29 ಅಂತ, ಹೆಸರಿನ ಅಕ್ಷರದಿಂದಲೇ ಮೇಳದ (ರಾಗಗಳ ಮೂಲ ಸ್ವರಶ್ರೇಣಿಯ) ಸಂಖ್ಯೆ ಹೇಳೋ ಕಟಪಯಾದಿ ಲೆಕ್ಕ ವಿದ್ವತ್ ಪರೀಕ್ಷೆಗೆ ಎಲ್ಲರೂ ಬಾಯಿಪಾಠ ಮಾಡ್ತಾರೆ. ಕಾಲೇಜಿನಲ್ಲಿ ಸ್ವಲ್ಪ ಒಳಗೆ ಹೋಗಬಹುದು, ಹೇಳಿಕೊಡೋರು ಸರಿಯಾಗಿದ್ದರೆ. 1550ರಲ್ಲಿ ವಿಜಯನಗರದ ರಾಮಾಮಾತ್ಯ ಮೇಳಗಳನ್ನ ಹೇಗೆ ಜೋಡಿಸಿದ, ಮುಂದಿನ ಶತಮಾನದಲ್ಲಿ ತಂಜಾವೂರಿನ ವೆಂಕಟಮಖಿ ಅದನ್ನ ಯಾಕೆ ಒಪ್ಪಲಿಲ್ಲ, 72 ಮೇಳ ಲೆಕ್ಕ ಹಾಕಿಟ್ಟರೂ ತನ್ನ ಕಾಲದಲ್ಲಿ ಬಳಕೆಯಲ್ಲಿದ್ದದ್ದು 19 ಅಂತ ಯಾಕೆ ಹೇಳಿದ. ಇದನ್ನ ಓದಿದ ಹುಡುಗಿ ರಾಗಲಕ್ಷಣ ಅನ್ನೋದು ಆಕಾಶದಿಂದ ಬಿದ್ದದ್ದು ಅಂದುಕೊಳ್ಳಲ್ಲ.

ಕೆಲಸದ ಮಾತು: ಎಂ.ಎ ಆದ ಮೇಲೆ ನೆಟ್ (ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ) ಬರೀಬಹುದು, ಸಂಗೀತದ್ದು 16ನೇ ನಂಬರಿನ ವಿಷಯ. ಯುಜಿಸಿಯ 2018ರ ನಿಯಮದಲ್ಲಿ ಇನ್ನೊಂದು ದಾರಿಯೂ ಇದೆ. ಡಿಗ್ರಿ ಇದ್ದು, ಒಳ್ಳೆಯ ಗುರುಗಳ ಹತ್ತಿರ ಕಲಿತು ಆಕಾಶವಾಣಿಯಲ್ಲಿ ಎ ಗ್ರೇಡ್ ಪಡೆದ ಕಲಾವಿದರು ನೆಟ್ ಇಲ್ಲದೆಯೂ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಬಹುದು. ಹುದ್ದೆ ಕರೀತಾರಾ ಅಂತ ಮಾತ್ರ ಕೇಳಬೇಡಿ. ನಾನೇ ಕಾಯ್ತಾ ಕೂತಿದ್ದೀನಿ.

ವೀಣೆ_ಮತ್ತು_ಬ್ಯಾಂಕು

ನಾನು ಬಿ.ಕಾಂ ಮಾಡಿ ಬ್ಯಾಂಕಿನಲ್ಲಿರೋಳು, ವೀಣೆ ನುಡಿಸ್ತೀನಿ, ರೇಡಿಯೋದಲ್ಲಿ ಬಿ ಹೈ ಗ್ರೇಡ್ ಕಲಾವಿದೆ. ಆಡಿಷನ್ನಿನಲ್ಲಿ ಯಾರೂ ಡಿಗ್ರಿ ಕೇಳಲ್ಲ. ನುಡಿಸಿದ್ದನ್ನ ಕೇಳ್ತಾರೆ, ಅಷ್ಟೇ. ಹಾಗಾಗಿ ಬಿ.ಕಾಂ ಮಾಡಿದ್ರೆ ಸಂಗೀತ ಹಾಳಾಗುತ್ತೆ ಅನ್ನೋ ಭಯ ಬೇಡ.

ಆದರೆ ಗುರುಮುಖ, ಗುರುಕುಲ ಅಂತ ದೊಡ್ಡ ಮಾತು ಬಂದಾಗೆಲ್ಲ ನನಗೆ ಒಂದು ಕೇಳಬೇಕು ಅನಿಸುತ್ತೆ. ಮೇಡಂ, ನಿಮ್ಮ ಮಗಳಿಗೆ ಈಗ ವಾರಕ್ಕೆ ಎಷ್ಟು ಗಂಟೆ ಪಾಠ? ಬಹಳ ಕಡೆ ವಾರಕ್ಕೆ ಎರಡು ಕ್ಲಾಸು, ಒಂದೊಂದು ಗಂಟೆ. ಅದರಲ್ಲೂ ನಾಲ್ಕು ಜನ ಹುಡುಗಿಯರು ಒಟ್ಟಿಗೆ. ಅದು ಗುರುಕುಲ ಅಲ್ಲ. ಅದು ಟ್ಯೂಷನ್. ಬೈತಿಲ್ಲ, ನಾನೂ ಹಾಗೇ ಕಲಿತದ್ದು.

ಕೃತಿಕಾರ ವಾಸುದೇವಾಚಾರ್ಯರು ಮೈಸೂರಿನಿಂದ ತಿರುವಯ್ಯಾರಿಗೆ ಹೋಗಿ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಹತ್ತಿರ ಕಲಿತರಲ್ಲ, ಅದಕ್ಕೆ ಮಹಾರಾಜರೇ ದುಡ್ಡು ಕೊಟ್ಟು ಕಳಿಸಿದ್ದು. ಗುರುಗಳ ಮನೆಯಲ್ಲೇ ಇದ್ದು, ಅವರ ಕೆಲಸ ಮಾಡಿಕೊಂಡು, ಅವರು ಬೇರೆಯವರಿಗೆ ಹೇಳಿಕೊಡೋದನ್ನೂ ತಮ್ಮಷ್ಟಕ್ಕೆ ಹಾಡಿಕೊಳ್ಳೋದನ್ನೂ ಕೇಳಿಸಿಕೊಂಡು ಕಲೀತಿದ್ದ ಕಾಲ. ಅದೇ ಆಚಾರ್ಯರು ವಯಸ್ಸಾದ ಮೇಲೆ ಮದರಾಸಿನ ಕಲಾಕ್ಷೇತ್ರಕ್ಕೆ ಹೋಗಿ ಪಾಠ ಹೇಳಿದರು, ಸಂಸ್ಥೆ ಅಂತ ಮೂಗು ಮುರೀಲಿಲ್ಲ. ಟೈಗರ್ ವರದಾಚಾರ್ಯರೂ ಅಷ್ಟೇ, ಚಿದಂಬರದ ಅಣ್ಣಾಮಲೈ ಸಂಗೀತ ಕಾಲೇಜಿಗೆ ಪ್ರಿನ್ಸಿಪಾಲ್ ಆಗಿದ್ದೋರು. ದೊಡ್ಡವರೇ ಕಾಲೇಜಿಗೆ ಹೋಗಿ ಕಲಿಸಿರುವಾಗ ಕಾಲೇಜಿನಲ್ಲಿ ಸಂಗೀತ ಸಿಗಲ್ಲ ಅನ್ನೋ ಮಾತಿಗೆ ಅರ್ಥ ಇಲ್ಲ. ಅಲ್ಲಿ ಇವತ್ತು ಯಾರು ಕಲಿಸ್ತಿದ್ದಾರೆ ಅಂತ ಕೇಳಿ.

ಬಿ.ಕಾಂ ದಾರಿಯ ಕಷ್ಟ ಹೇಳ್ತೀನಿ. ಹದಿನೆಂಟರಿಂದ ಇಪ್ಪತ್ತೊಂದರವರೆಗಿನ ವಯಸ್ಸು ಸಾಧನೆಗೆ ಚಿನ್ನದಂಥದ್ದು. ಬೆಳಗ್ಗೆ ಕಾಲೇಜು, ಸಂಜೆ ಅಕೌಂಟ್ಸ್ ಟ್ಯೂಷನ್, ಮಾರ್ಚ್ ಬಂತು ಅಂದ್ರೆ ವೀಣೆ ಮೇಲೆ ಬಟ್ಟೆ ಹೊದಿಸಿಬಿಡೋದು. ಸಂಗೀತದಲ್ಲೇ ಡಿಗ್ರಿ ಮಾಡಿದ ಗೆಳತಿಗೆ ದಿನಾ ಅಭ್ಯಾಸ ಮಾಡೋಕೆ ಹೊತ್ತು ಇತ್ತು, ಯಾರೂ "ಓದೋದು ಬಿಟ್ಟು ಇದೇನು" ಅಂತ ಕೇಳ್ತಿರಲಿಲ್ಲ. ನನಗೆ ಅದೊಂದು ವಿಷಯದಲ್ಲಿ ಈಗಲೂ ಹೊಟ್ಟೆಕಿಚ್ಚು.

ಧಾರವಾಡ_ಪೇಡೆ

ನೋಡ್ರಿ ಅಕ್ಕಾ, ನಾವು ಹಿಂದೂಸ್ತಾನಿ ಕಡೆಯವರು. ಈ ಜಗಳ ನಮ್ಮಲ್ಲಿ ನೂರು ವರ್ಷದಿಂದ ನಡೆದಿದೆ. ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆಗೆದರು, ಭಾತಖಂಡೆಯವರು 1926ರಲ್ಲಿ ಲಖನೌದಲ್ಲಿ ಕಾಲೇಜು ಶುರು ಮಾಡಿಸಿದರು. ಅವತ್ತೂ ಖಾನ್‌ಸಾಹೇಬರುಗಳು ಹೇಳಿದ್ದು ನಿಮ್ಮ ಟೀಚರ್ ಮಾತನ್ನೇ. ಆದರೆ ಘರಾಣೆಯ (ಸಂಗೀತ ಪರಂಪರೆಯ) ಮನೆಯಲ್ಲಿ ಹುಟ್ಟದವರಿಗೆ, ಮುಖ್ಯವಾಗಿ ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಹಾಡಬಾರದು ಅಂತಿದ್ದ ಕಾಲದಲ್ಲಿ ಆ ಹೆಣ್ಣುಮಕ್ಕಳಿಗೆ, ಬಾಗಿಲು ತೆಗೆದದ್ದು ಈ ಶಾಲೆ ಕಾಲೇಜುಗಳೇ. ಉಸ್ತಾದರು ಬಂದಿಶ್ (ರಾಗದಲ್ಲಿ ಕಟ್ಟಿದ ಹಾಡು) ಬಚ್ಚಿಟ್ಟುಕೊಳ್ಳುತ್ತಿದ್ದರು. ಭಾತಖಂಡೆ ಕಾಡಿ ಬೇಡಿ ಅವನ್ನೆಲ್ಲ ಸ್ವರಲಿಪಿಯಲ್ಲಿ ಬರೆದು ಅಚ್ಚು ಹಾಕಿಸಿದರು. ಪುಸ್ತಕ ನೋಡಿ ಯಾರೂ ಗವಾಯಿ ಆಗಲಿಲ್ಲ, ಅದು ಬೇರೆ ಮಾತು.

ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಗಂಗೂಬಾಯಿ ಹಾನಗಲ್ಲರ ಹೆಸರಿದೆ. ಅವರು ಶಾಲೆ ಓದಿದ್ದು ಐದನೇ ಇಯತ್ತೆವರೆಗೆ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತವರು. ಆಮೇಲೆ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಗೌರವ ಪ್ರಾಧ್ಯಾಪಕರಾಗಿ ಅವರೇ ಕಲಿಸಿದರು. ಈಗ ಅವರೇ ಬಂದು ಅರ್ಜಿ ಹಾಕಿದ್ರೆ ಆಫೀಸಿನವರು ಮಾರ್ಕ್ಸ್ ಕಾರ್ಡ್ ಕೇಳ್ತಿದ್ದರು, ಸುಮ್ನೆ ಹೇಳ್ತೀನಿ.

ಕಾಲೇಜೂ ಅಲ್ಲ ಟ್ಯೂಷನ್ನೂ ಅಲ್ಲ ಅನ್ನುವಂಥ ಜಾಗಗಳು ಇನ್ನೂ ಇವೆ. ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಆಮೇಲೆ ಪುಟ್ಟರಾಜ ಗವಾಯಿಗಳು ಎಷ್ಟೋ ಜನ ಅಂಧ ಮಕ್ಕಳನ್ನ ಕಲಾವಿದರನ್ನಾಗಿ ಮಾಡಿದರು. ಊಟ, ವಸತಿ, ಪಾಠ ಎಲ್ಲ ಅಲ್ಲೇ. ಹುಬ್ಬಳ್ಳಿಯಲ್ಲಿ ಗಂಗೂಬಾಯಿಯವರ ಹೆಸರಿನ ಗುರುಕುಲ ಇದೆ. ಕೋಲ್ಕತ್ತಾದ ಐಟಿಸಿ ಸಂಗೀತ್ ರಿಸರ್ಚ್ ಅಕಾಡೆಮಿಯಲ್ಲಿ ಗುರುಗಳು ಆವರಣದೊಳಗೇ ಇರ್ತಾರೆ, ರಶೀದ್ ಖಾನ್ ಅಲ್ಲಿಂದಲೇ ಬಂದವರು. ಆದರೆ ಇವೆಲ್ಲ ನಮ್ಮ ಪದ್ಧತಿಯವು. ಕರ್ನಾಟಕ ಸಂಗೀತದಲ್ಲಿ ಇಂಥ ಜಾಗ ಯಾವುದಿದೆ ಅಂತ ಆ ಕಡೆಯವರೇ ಹೇಳಬೇಕು.

ಕನೆಕ್ಟಿಕಟ್_ಕನ್ನಡಿಗ

ನಾನು ಹಾಡುವವನಲ್ಲ, ಕೇಳುವವನು. ಇಲ್ಲಿ ಅಮೆರಿಕದಲ್ಲಿ ನಮ್ಮ ಮನೆಯಿಂದ ವೆಸ್ಲಿಯನ್ ವಿಶ್ವವಿದ್ಯಾಲಯ ಹತ್ತಿರ. ಪ್ರತಿ ವರ್ಷ ಅಲ್ಲಿ ನವರಾತ್ರಿ ಕಛೇರಿಗಳು ನಡೀತವೆ, ಹೋಗ್ತಿರ್ತೀವಿ. 1960ರ ದಶಕದಲ್ಲಿ ರಾಬರ್ಟ್ ಬ್ರೌನ್ ಅನ್ನೋರು ಅಲ್ಲಿ ಕರ್ನಾಟಕ ಸಂಗೀತದ ಪಾಠ ಶುರು ಮಾಡಿಸಿದರು. ನರ್ತಕಿ ಬಾಲಸರಸ್ವತಿಯವರ ತಮ್ಮಂದಿರು, ಕೊಳಲಿನ ವಿಶ್ವನಾಥನ್ ಮತ್ತು ಮೃದಂಗದ ರಂಗನಾಥನ್, ಅಲ್ಲಿಗೇ ಬಂದು ವರ್ಷಗಟ್ಟಲೆ ಕಲಿಸಿದರು. ಅಲ್ಲಿ ಓದುತ್ತಿದ್ದ ಜಾನ್ ಹಿಗಿನ್ಸ್ ರಂಗನಾಥನ್ ಹತ್ತಿರ ಪಾಠ ಹೇಳಿಸಿಕೊಂಡು, ಆಮೇಲೆ ಮದರಾಸಿಗೆ ಹೋಗಿ ವಿಶ್ವನಾಥನ್ ಹತ್ತಿರ ಕಲಿತು, ತಿರುವಯ್ಯಾರಿನ ಆರಾಧನೆಯಲ್ಲಿ ಹಾಡಿದ. ಭಾಗವತರ್ ಅಂತಲೇ ಜನ ಕರೆದರು. ವ್ಯಾಸರಾಯರ ದೇವರನಾಮವನ್ನ ಯಮನ್ ಕಲ್ಯಾಣಿಯಲ್ಲಿ ಅವನು ಹಾಡಿದ್ದು ಈಗಲೂ ನೆಟ್‌ನಲ್ಲಿ ಸಿಗುತ್ತೆ, ಕೇಳಿ, ಕನ್ನಡ ಎಷ್ಟು ಸ್ವಚ್ಛ ಅಂತ. ಅಂದ್ರೆ ವಿಶ್ವವಿದ್ಯಾಲಯದಿಂದ ಹಾಡುಗಾರ ಹೊರಬರಲ್ಲ ಅನ್ನೋದು ಸುಳ್ಳು.

ಆಗ ಯುಸಿಎಲ್‌ಎಯಲ್ಲಿದ್ದ ಮ್ಯಾಂಟಲ್ ಹುಡ್ ಅನ್ನೋ ಪ್ರೊಫೆಸರ್ ಒಂದು ಹಟ ಹಿಡಿದಿದ್ದರಂತೆ: ಜಾವಾದ ಗ್ಯಾಮಲಾನ್ (ಕಂಚಿನ ವಾದ್ಯಗಳ ಮೇಳ) ಬಗ್ಗೆ ಬರೆಯೋರು ಮೊದಲು ಗ್ಯಾಮಲಾನ್ ನುಡಿಸೋದು ಕಲೀಬೇಕು, ಬರೀ ಪ್ರಬಂಧ ಬರೆದ್ರೆ ಸಾಲದು. ನಮ್ಮ ಊರಿನ ಪಿಎಚ್.ಡಿಗಳಿಗೂ ಇದನ್ನ ಕಡ್ಡಾಯ ಮಾಡಬೇಕು ಅಲ್ವಾ? ಒಂದು ರಾಗ ಹತ್ತು ನಿಮಿಷ ಹಾಡೋಕೆ ಬರದವರು ಅದರ ಮೇಲೆ ಮುನ್ನೂರು ಪುಟ ಬರೆದದ್ದನ್ನ ನೋಡಿದ್ದೀನಿ.

ಆದರೂ ಒಂದು ಮಾತು. ಹಿಗಿನ್ಸ್ ಕಲಿತಾಗ ಶಿಷ್ಯರು ಕೆಲವೇ ಜನ ಇದ್ದರು ಅಂತ ಕೇಳಿದ್ದೀನಿ. ಮೇಷ್ಟ್ರು ಹೇಳಿದ ಹದಿನೈದು ಜನದ ಲೆಕ್ಕ ಅಲ್ಲಿ ಇರಲಿಲ್ಲ.

ಮಲೆನಾಡಮ್ಮ

ಇಷ್ಟೊಂದು ಬರೆದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಮಗಳಿಗೆ ಓದಿ ಹೇಳಿದೆ. ವೀಣೆ ಮೇಡಂ ಕೇಳಿದ ಪ್ರಶ್ನೆಗೆ ಉತ್ತರ: ವಾರಕ್ಕೆ ಎರಡು ಗಂಟೆ, ಐದು ಜನ ಹುಡುಗಿಯರು. ಟೀಚರ್ ಒಳ್ಳೆಯವರೇ, ಅವರಿಗೆ ಬೇಜಾರು ಮಾಡೋದು ನನಗೆ ಇಷ್ಟ ಇಲ್ಲ. ಮುಂದಿನ ವಾರ ಮೈಸೂರಿಗೆ ಹೋಗಿ ಕಾಲೇಜು ನೋಡಿ ಬರೋಣ ಅಂತ ಯಜಮಾನರನ್ನ ಒಪ್ಪಿಸಿದ್ದೀನಿ. ಅಲ್ಲಿ ಏನೇನು ಕೇಳಬೇಕು?

ಅತಿಥಿ_ಮೇಷ್ಟ್ರು

ಆಫೀಸಿಗೆ ಮೊದಲು ಹೋಗಬೇಡಿ. ಹಿರಿಯ ತರಗತಿಯ ಹುಡುಗಿಯರನ್ನ ಕ್ಯಾಂಟೀನಿನಲ್ಲಿ ಹಿಡಿದು ಮಾತಾಡಿಸಿ. ಪ್ರಾಕ್ಟಿಕಲ್ ಪಾಠ ಯಾರು ಮಾಡ್ತಾರೆ, ಅವರು ಈಗಲೂ ಕಛೇರಿ ಮಾಡ್ತಾರಾ, ವರ್ಷದ ನಡುವೆ ಎಷ್ಟು ಜನ ಮೇಷ್ಟ್ರು ಬದಲಾದರು, ಬ್ಯಾಚಿನಲ್ಲಿ ಎಷ್ಟು ಜನ, ಒಬ್ಬೊಬ್ಬರನ್ನೇ ಹಾಡಿಸ್ತಾರಾ, ಇದನ್ನೆಲ್ಲ ಅವರೇ ಹೇಳ್ತಾರೆ. ಸಾಧ್ಯವಾದ್ರೆ ಒಂದು ಕ್ಲಾಸಿನಲ್ಲಿ ಹಿಂದೆ ಕೂತು ಕೇಳೋಕೆ ಅನುಮತಿ ಕೇಳಿ. ಕೊಡಲ್ಲ ಅಂದ್ರೆ ಅದೂ ಒಂದು ಉತ್ತರವೇ.

ಎರಡನೇದು, ಮೈಸೂರಿಗೆ ಬಂದರೆ ಕಾಲೇಜಿನ ಜೊತೆಗೆ ಹೊರಗೆ ಒಬ್ಬರ ಹತ್ತಿರ ಪಾಠ ಹೇಳಿಸಿಕೊಳ್ಳಲೇಬೇಕು. ನಮ್ಮಲ್ಲಿ ಚೆನ್ನಾಗಿ ಹಾಡೋ ಹುಡುಗರೆಲ್ಲ ಹಾಗೇ ಮಾಡೋದು, ನಮಗೂ ಗೊತ್ತು, ನಾವು ಬೇಜಾರು ಮಾಡ್ಕೊಳ್ಳಲ್ಲ. ಹಾಸ್ಟೆಲ್ ಅಥವಾ ಪಿಜಿ ಹುಡುಕೋವಾಗ ಬೆಳಗ್ಗೆ ಐದೂವರೆಗೆ ಹಾಡಿದ್ರೆ ಅಕ್ಕಪಕ್ಕದವರು ಸುಮ್ನಿರ್ತಾರಾ ಅಂತ ಮೊದಲೇ ಕೇಳಿಕೊಳ್ಳಿ. ಇದಕ್ಕೇ ಎಷ್ಟೋ ಹುಡುಗರ ಸಾಧನೆ ನಿಂತುಹೋಗಿದೆ. ಊರಿನ ಟೀಚರನ್ನ ಬಿಡೋದೂ ಬೇಡ, ರಜೆಗೆ ಬಂದಾಗ ಹೋಗಿ ಹಾಡಿ ಬರಲಿ.

ಸೇರಿಸಿಕೊಳ್ಳೋ ಮುಂಚೆ ಹಾಡಿಸಿ ನೋಡೋದುಂಟು. ಹೊಸದೇನೂ ಕಲಿಸೋಕೆ ಹೋಗಬೇಡಿ. ಚೆನ್ನಾಗಿ ಬರೋ ಒಂದು ವರ್ಣ ಎರಡು ಕಾಲದಲ್ಲಿ, ಒಂದು ಕೃತಿ, ಕಲ್ಯಾಣಿಯಲ್ಲೋ ಮೋಹನದಲ್ಲೋ ಐದು ನಿಮಿಷ ಆಲಾಪನೆ ಸಾಕು. ಶ್ರುತಿಪೆಟ್ಟಿಗೆ ಜೊತೆಗಿರಲಿ. ಮೊಬೈಲ್ ಆ್ಯಪ್ ನಂಬಬೇಡಿ, ನಡುವೆ ಯಾರಾದ್ರೂ ಫೋನ್ ಮಾಡಿದ್ರೆ ಶ್ರುತಿ ನಿಂತುಹೋಗುತ್ತೆ.