ಬೇಳೆ, ಉಳ್ಳಾಗಡ್ಡಿ, ನೂಲಿನ ಉಂಡೆ: ನಮ್ಮ ಮನೆ ಗ್ರೂಪಿನಲ್ಲಿ ನಡೆದ ವಾದ

ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ 21 ಜನ ಇದ್ದೇವೆ. ಕಳೆದ ಭಾನುವಾರ ನನ್ನ ತಮ್ಮ ಒಂದು ಚಿತ್ರ ಹಾಕಿದ. ಮೈಯ ಭಾಗಗಳ ವೈದ್ಯಕೀಯ ಹೆಸರುಗಳಿಗೆ ಮೂಲ ಭಾಷೆಯಲ್ಲಿ ಏನು ಅರ್ಥ ಎಂದು ಅದರಲ್ಲಿತ್ತು. ಅವನು ವಿಜಯಪುರದಲ್ಲಿ ಎಂಬಿಬಿಎಸ್ ಓದುತ್ತಿದ್ದಾನೆ. ಜಮಖಂಡಿಯ ಕಾಕಾ 30 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು. ಅವರಿಗೆ ಆ ಚಿತ್ರ ಹಿಡಿಸಲಿಲ್ಲ. ನಾನು ಬೆಳಗಾವಿಯಲ್ಲಿ ಸ್ಟಾಫ್ ನರ್ಸ್. ನನಗೆ ಸುಮ್ನೆ ಇರಲು ಆಗಲಿಲ್ಲ. ಎಲ್ಲರನ್ನೂ ಕೇಳಿಯೇ ಆ ಮಾತುಗಳನ್ನು ಇಲ್ಲಿ ಹಾಕುತ್ತಿದ್ದೇನೆ.

ತಮ್ಮ: ನಮ್ಮ ಮೈಯೊಳಗಿನ ಸಂತೆ ನೋಡಿ! ಕಣ್ಣಿನ ಲೆನ್ಸ್ ಅಂದರೆ ಲ್ಯಾಟಿನ್‌ನಲ್ಲಿ ಮಸೂರ ಬೇಳೆ. ಮೈಯಲ್ಲಿ ದುಂಡಗೆ ಉಬ್ಬಿದ ಭಾಗಕ್ಕೆ ಹೇಳುವ ಬಲ್ಬ್ ಅಂದರೆ ಉಳ್ಳಾಗಡ್ಡಿ. ಗಂಟಲಲ್ಲಿ ಜೋತುಬಿದ್ದಿರುವ ಯುವುಲಾ ಪುಟ್ಟ ದ್ರಾಕ್ಷಿ. ಮಣಿಕಟ್ಟಿನ ಪಿಸಿಫಾರ್ಮ್ ಎಲುಬು ಬಟಾಣಿ ಕಾಳು. ಹೆದರಿದಾಗ ಚುರುಕಾಗುವ ಮೆದುಳಿನ ಭಾಗ ಅಮಿಗ್ಡಲಾ, ಅದು ಬಾದಾಮಿ.

ವೈನಿ: ನಮ್ಮ ಬಾದಾಮಿಯಾ?

ತಮ್ಮ: ಊರಲ್ಲ ವೈನಿ, ತಿನ್ನುವ ಬಾದಾಮಿ. ಗ್ರೀಕ್ ಪದ.

ಕಾಕಾ: ಅದಿರಲಿ ತಮ್ಮಾ. ಇಂಥ ಚಿತ್ರದಿಂದ ಉಪಯೋಗಕ್ಕಿಂತ ಗೊಂದಲ ಜಾಸ್ತಿ. ಅಮಿಗ್ಡಲಾ ಅಂದರೆ ಬೆಳಗಾವಿಯ ಡಾಕ್ಟರಿಗೂ ಜಪಾನಿನ ಡಾಕ್ಟರಿಗೂ ಒಂದೇ. ಬಾದಾಮಿ ಅಂದರೆ ಅಂಗಡಿಯವನು ತಕ್ಕಡಿ ತೆಗೆಯುತ್ತಾನೆ. ಶಾಸ್ತ್ರದ ಪದವನ್ನು ಅಡುಗೆಮನೆಗೆ ತರಬೇಡಿ.

ನಾನು: ಅದು ಅಡುಗೆಮನೆಯಿಂದಲೇ ಹೋದದ್ದು ಕಾಕಾ. ಹೆಸರು ಬದಲಿಸಿ ಅನ್ನುತ್ತಿಲ್ಲ. ಹೆಸರಿನ ಜೊತೆ ಅದರ ಅರ್ಥವನ್ನೂ ಕೊಡಿ ಅನ್ನುತ್ತಿದ್ದೇನೆ. ಹೋದ ವರ್ಷ ಅವ್ವನ ಕಣ್ಣಿನ ರೆಪ್ಪೆಯಲ್ಲಿ ಸಣ್ಣ ಗಂಟು ಎದ್ದಿತ್ತು, ನೆನಪಿದೆಯಾ? ತೋರಿಸಿದ ಕಡೆ ಚೀಟಿಯಲ್ಲಿ 'ಕಲೇಜಿಯನ್' ಎಂದು ಬರೆದು ಕಳಿಸಿದರು. ಬಿಸಿ ಬಟ್ಟೆ ಇಡಿ ಅಂದರು, ಅಷ್ಟೇ. ಅವ್ವ ಆ ಚೀಟಿಯನ್ನು ದೇವರ ಮುಂದೆ ಇಟ್ಟು ಮೂರು ರಾತ್ರಿ ನಿದ್ದೆ ಮಾಡಲಿಲ್ಲ. ನನಗೆ ನೈಟ್ ಡ್ಯೂಟಿ, ಯಾಕೆ ತೊಂದರೆ ಕೊಡುವುದು ಅಂತ ಹೇಳಲೂ ಇಲ್ಲ. ಆ ಪದಕ್ಕೆ ಗ್ರೀಕ್‌ನಲ್ಲಿ ಪುಟ್ಟ ಆಣೆಕಲ್ಲು ಎಂದು ಅರ್ಥ. ರೆಪ್ಪೆಯಲ್ಲಿ ಎಣ್ಣೆ ಬಿಡುವ ಸಣ್ಣ ಗ್ರಂಥಿ ಕಟ್ಟಿಕೊಂಡು ಆಣೆಕಲ್ಲಿನ ಹಾಗೆ ದುಂಡಗೆ ಉಬ್ಬುತ್ತದೆ. ಇಷ್ಟು ಹೇಳಲು ಅರ್ಧ ನಿಮಿಷ ಸಾಕು.

ವೈನಿ: ನಮಗೆ ಆಣೆಕಲ್ಲು ಅಂದರೇನೇ ಎದೆ ನಡುಗುತ್ತದೆ. ಒಂದು ಸಲ ಬಿದ್ದರೆ ವರ್ಷದ ದ್ರಾಕ್ಷಿ ಹೋಯಿತು.

(ವೈನಿಯ ತವರಿನವರ ದ್ರಾಕ್ಷಿ ತೋಟ ತಿಕೋಟಾ ಕಡೆ ಇದೆ. ಅವರ ಮಾತು ನನ್ನನ್ನು ತಡೆದು ನಿಲ್ಲಿಸಿತು. ಒಂದೇ ಹೋಲಿಕೆ ಎಲ್ಲರಿಗೂ ಒಂದೇ ಥರ ಕೇಳಿಸುವುದಿಲ್ಲ.)

ನಾನು: ಖರೆ ವೈನಿ. ಆದರೆ ಆಣೆಕಲ್ಲು ಕರಗುತ್ತದೆ ಅಲ್ವಾ? ಅವ್ವನಿಗೆ ಅದನ್ನೇ ಹೇಳಿದೆ. ಕೆಲವು ವಾರದಲ್ಲಿ ಕರಗಿತು ಕೂಡ.

ತಮ್ಮ: ದ್ರಾಕ್ಷಿ ಅಂದದ್ದಕ್ಕೆ ಹೇಳುತ್ತೇನೆ. ಕುರುವಿನ ಕೀವಿನಲ್ಲಿ ಇರುವ ಸ್ಟಫೈಲೊಕಾಕಸ್ ಬ್ಯಾಕ್ಟೀರಿಯಾ ಇದೆಯಲ್ಲ, ಸ್ಕಾಟ್ಲೆಂಡಿನ ಸರ್ಜನ್ ಅಲೆಕ್ಸಾಂಡರ್ ಆಗ್‌ಸ್ಟನ್ 1880ರಲ್ಲಿ ಕೀವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದ. ದುಂಡನೆಯ ಕಣಗಳು ಗೊಂಚಲು ಗೊಂಚಲಾಗಿದ್ದವು. 1882ರಲ್ಲಿ ಈ ಹೆಸರು ಇಟ್ಟ. ಸ್ಟಫೈಲೆ ಅಂದರೆ ದ್ರಾಕ್ಷಿ ಗೊಂಚಲು, ಕೊಕ್ಕೊಸ್ ಅಂದರೆ ಕಾಳು. ಕಂಡದ್ದನ್ನು ಕಂಡ ಹಾಗೆ ಹೇಳಿದ, ಅಷ್ಟೇ.

ಕಾಕಾ: ಒಂದು ಮಾತು ಕೇಳು ಮಗಳೇ. ನಿಮ್ಮವ್ವ ಹೆದರಿದ್ದು ಗ್ರೀಕ್ ಪದಕ್ಕಲ್ಲ. 'ಕಣ್ಣಲ್ಲಿ ಗಡ್ಡೆ ಆಗಿದೆಯಂತೆ' ಎಂದು ಪಕ್ಕದ ಮನೆಯವರು ಅಂದದ್ದಕ್ಕೆ. ಗಡ್ಡೆ ಯಾವ ಭಾಷೆಯ ಪದ? ನಮ್ಮದೇ. ಮನೆಮಾತಿನ ಪದ ಅಂದ ಕೂಡಲೇ ಧೈರ್ಯ ಬರುತ್ತದೆ ಎಂದು ಯಾರು ಹೇಳಿದರು?

ಇದಕ್ಕೆ ನಾನು ಕೂಡಲೇ ಉತ್ತರ ಬರೆಯಲಿಲ್ಲ. ಕಾಕಾ ಹೇಳಿದ್ದು ಸರಿ ಇತ್ತು. ವಾರ್ಡಿನಲ್ಲಿ ಗಡ್ಡೆ ಎಂದರೆ ಸಾಕು, ಕೇಳಿದವರು ಕ್ಯಾನ್ಸರ್ ಎಂದೇ ತಿಳಿಯುತ್ತಾರೆ. ಮುಖ ಬಿಳುಚುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ.

ನಾನು: ಒಪ್ಪುತ್ತೇನೆ ಕಾಕಾ. ಆದರೆ ಗಡ್ಡೆ ಅನ್ನುವುದು ಬರೀ ಆಕಾರ. ಅದು ಒಳ್ಳೆಯದಾ ಕೆಟ್ಟದ್ದಾ ಎಂದು ಆ ಪದ ಹೇಳುವುದೇ ಇಲ್ಲ. ಲ್ಯಾಟಿನ್‌ನ ಟ್ಯೂಬರ್ ಕೂಡ ಹಾಗೆಯೇ, ಉಬ್ಬು ಎಂದು ಅರ್ಥ. ಆಲೂಗಡ್ಡಿಗೂ ಅದೇ ಪದ. ಟ್ಯೂಬರ್‌ಕ್ಯುಲೋಸಿಸ್ ಅಂದರೆ ಸಣ್ಣ ಸಣ್ಣ ಗಂಟುಗಳ ಕಾಯಿಲೆ. ಹೆಸರು ಹೇಳಿ ಬಿಟ್ಟುಬಿಟ್ಟರೆ ಕನ್ನಡವೂ ಹೆದರಿಸುತ್ತದೆ. ಎಷ್ಟು ದೊಡ್ಡದು, ಮೆತ್ತಗಿದೆಯಾ ಗಟ್ಟಿಯಿದೆಯಾ, ಮುಂದೇನು, ಇದನ್ನೂ ಹೇಳಬೇಕು.

ತಮ್ಮ: ಕಾಕಾ, ನೀವು ಪೀನ ಮಸೂರ, ನಿಮ್ನ ಮಸೂರ ಕಲಿಸಿದಿರಲ್ಲ. ಆ ಮಸೂರ ಯಾವುದು?

ಇಪ್ಪತ್ತು ನಿಮಿಷ ಕಾಕಾನ ಸುದ್ದಿಯಿಲ್ಲ. ಆಮೇಲೆ ಒಂದು ಫೋಟೋ ಬಂತು. ಅಂಗೈ ಮೇಲೆ ಸಿಪ್ಪೆ ತೆಗೆಯದ ಒಂದು ಇಡೀ ಮಸೂರ ಕಾಳು.

ಕಾಕಾ: ಡಬ್ಬಿ ತೆರೆದು ನೋಡಿದೆ. ಎರಡೂ ಕಡೆ ಉಬ್ಬು, ಅಂಚು ತೆಳು. ಪೀನ ಮಸೂರ ಅಂದರೆ ಇದೇ. ಪುಸ್ತಕ ಬರೆದವರು ಲ್ಯಾಟಿನ್‌ನಲ್ಲಿದ್ದ ಬೇಳೆಯನ್ನೇ ನಮ್ಮ ಪದದಲ್ಲೂ ಇಟ್ಟಿದ್ದಾರೆ. ನಾನು 30 ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದೆ. ಒಂದು ಹುಡುಗನ ಕೈಗೂ ಒಂದು ಕಾಳು ಕೊಡಲಿಲ್ಲ. ಕೊಡಬೇಕಿತ್ತು.

ಕಾಕಾ: ಆದರೆ ನನ್ನ ಮಾತನ್ನು ಪೂರ್ತಿ ಬಿಡುವುದಿಲ್ಲ. ನಿಮ್ನ ಮಸೂರ ನಡುವೆ ತಗ್ಗು. ಅಂಥ ಕಾಳು ಯಾವ ಹೊಲದಲ್ಲೂ ಬೆಳೆಯುವುದಿಲ್ಲ. ಹೋಲಿಕೆ ಒಂದು ಹಂತದವರೆಗೆ ಕೈ ಹಿಡಿಯುತ್ತದೆ. ಮುಂದೆ ಪದ ತನ್ನ ಕಾಲ ಮೇಲೆ ನಿಲ್ಲಬೇಕು.

ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಇಳಕಲ್ಲಿನ ಮಾಮಾ ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. ಮಗ್ಗದಲ್ಲಿ ಸೀರೆ ನೇಯ್ದೇ ಬದುಕಿದವರು. ಗ್ರೂಪಿನಲ್ಲಿ ಹಬ್ಬದ ಶುಭಾಶಯ ಬಿಟ್ಟರೆ ಬರೆಯುವುದು ಕಡಿಮೆ. ಅವರ ಲ್ಯಾಬ್ ರಿಪೋರ್ಟಿನ ಫೋಟೋ ಬಂತು.

ಮಾಮಾ: ಇದರಲ್ಲಿ ಇಜಿಎಫ್‌ಆರ್ 52 ಅಂತ ಇದೆ. ಕಿಡ್ನಿ ಸ್ವಲ್ಪ ವೀಕ್ ಅಂದರು. ಜಿ ಅಂದರೆ ಏನು? ಅದೂ ಯಾವುದಾದರೂ ಕಾಳಾ?

ನಾನು: ಕಾಳಲ್ಲ ಮಾಮಾ. ಜಿ ಅಂದರೆ ಗ್ಲೊಮೆರುಲಸ್. ಲ್ಯಾಟಿನ್‌ನಲ್ಲಿ ಪುಟ್ಟ ನೂಲಿನ ಉಂಡೆ.

ಮಾಮಾ: ನೂಲಿನ ಉಂಡೆ?

ನಾನು: ಹೌದು. ಕೂದಲಿಗಿಂತ ತೆಳುವಾದ ರಕ್ತನಾಳಗಳು ಸುತ್ತಿ ಸುತ್ತಿ ಉಂಡೆಯಾಗಿರುತ್ತವೆ. ಒಂದೊಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ಉಂಡೆ. ರಕ್ತ ಅಲ್ಲೇ ಸೋಸುವುದು. ಎಲ್ಲ ಉಂಡೆ ಸೇರಿ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತವೆ ಎನ್ನುವ ಅಂದಾಜೇ ಆ 52. ಸಾಮಾನ್ಯವಾಗಿ 90ಕ್ಕಿಂತ ಮೇಲೆ ಇರುತ್ತದೆ. ವಯಸ್ಸಾದಂತೆ ಕಡಿಮೆ ಆಗುತ್ತದೆ.

ತಮ್ಮ: 1666ರಲ್ಲಿ ಇಟಲಿಯ ವೈದ್ಯ ಮಾಲ್ಪಿಘಿ ಇವುಗಳ ಬಗ್ಗೆ ಬರೆದ. ಅವನ ಕಣ್ಣಿಗೆ ರೆಂಬೆಗೆ ತೂಗುಬಿದ್ದ ಸೇಬಿನ ಹಾಗೆ ಕಂಡವಂತೆ. ನೋಡಿದ್ದು ಮಾತ್ರ ಬೇಳೆಯ ಹೆಸರಿನ ಗಾಜಿನಿಂದಲೇ, ಕಾಕಾ.

ಮಾಮಾ: ಸೇಬು ಬೇಡ, ಉಂಡೆಯೇ ಇರಲಿ. ಉಂಡೆ ಸಿಕ್ಕು ಬಿದ್ದರೆ ನಾವು ಕೂತು ಬಿಡಿಸುತ್ತೇವೆ. ಇದನ್ನು ಬಿಡಿಸಲು ಬರುತ್ತದಾ?

ನಾನು: ಗಂಟಾಗಿ ಹಾಳಾದ ಉಂಡೆಯನ್ನು ಬಿಡಿಸಲು ಬರುವುದಿಲ್ಲ ಮಾಮಾ. ಉಳಿದವನ್ನು ಕಾಯಲು ಬರುತ್ತದೆ. ಬಿಪಿ ಗುಳಿಗೆ ತಪ್ಪಿಸಬೇಡಿ. ಉಪ್ಪು ಕಡಿಮೆ ಮಾಡಿ. ಒಂದೇ ರಿಪೋರ್ಟಿನಿಂದ ತೀರ್ಮಾನ ಮಾಡುವುದಿಲ್ಲ, ಮೂರು ತಿಂಗಳು ಬಿಟ್ಟು ಮತ್ತೆ ನೋಡುತ್ತಾರೆ. ಇನ್ನೊಂದು, ಡಾಕ್ಟರನ್ನು ಕೇಳದೆ ನೋವಿನ ಗುಳಿಗೆ ತಗೋಬೇಡಿ. ಈ ಉಂಡೆಗಳಿಗೆ ಹೋಗುವ ರಕ್ತ ಅದರಿಂದ ಕಡಿಮೆ ಆಗಬಹುದು.

ಮಾಮಾ: ಮೊಣಕಾಲು ನೋವಿಗೆ ದಿನಾ ಒಂದು ತಗೋತಿದ್ದೇನೆ. ಎರಡು ವರ್ಷ ಆಯಿತು. ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಅದನ್ನು ಇಲ್ಲಿಯವರೆಗೆ ಯಾರೂ ನನ್ನನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಗ್ರೂಪಿನಲ್ಲಿ ಬರೆಯುವುದನ್ನು ಅಲ್ಲಿಗೇ ಬಿಟ್ಟು ನಾನು ಮಾಮಾಗೆ ಫೋನ್ ಮಾಡಿದೆ.